ನಕ್ಷೆಯಲ್ಲಿಲ್ಲದ ಕೊಳವೆ

"ಕಾಲು ಜಾರಿ ಬಿದ್ದಿದ್ದಾನೆ, ಅಷ್ಟೇ ಕಣ್ರೀ," ಎಂದರು ಇನ್ಸ್‌ಪೆಕ್ಟರ್ ನಾಗಯ್ಯ. "ಇದರಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನಿದೆ?"

ನೀರಿನ ಕಚೇರಿಯ ಓವರ್ಸಿಯರ್ ಚಿಕ್ಕಬೋರಯ್ಯ ಶಿಂಷಾ ಹೊಳೆಯ ದಂಡೆಯಲ್ಲಿದ್ದ ಪಂಪುಬಾವಿಯಿಂದ ಆಗತಾನೇ ಮೇಲೆತ್ತಿದ ಹೆಣದ ಪಕ್ಕ ಮಂಡಿಯೂರಿ, ಅದರ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ.

ಹೆಣ ಮದ್ದೂರಿನ ನೀರುಗಂಟಿ ನಿಂಗಯ್ಯನದು. ಎಂಟು ವರ್ಷದಿಂದ ಕೊಳವೆಗಳ ಕೀಲಿ ತಿರುಗಿಸಿ ಊರಿನ ಬೀದಿಬೀದಿಗೆ ನೀರು ಬಿಡುತ್ತಿದ್ದವನು. ಹೊಂಡದ ಬೀದಿಯಲ್ಲಿ ಕಾಲರಾ ಬಿದ್ದು ಒಂಬತ್ತು ಜನ ಸತ್ತ ಮೇಲೆ, 'ಸೋಮ್ವಾರ ಬನ್ನಿ, ಎಲ್ಲಾನೂ ಯೋಳ್ಬುಡ್ತೀನಿ' ಎಂದು ಚಿಕ್ಕಬೋರಯ್ಯನಿಗೆ ಹೇಳಿಕಳಿಸಿದ್ದ. ಸೋಮವಾರ ಬಂದಿತ್ತು. ನಿಂಗಯ್ಯನ ಬಾಯಿ ಮುಚ್ಚಿತ್ತು.

"ತಲೆ ಹಿಂದೆ ಗಾಯ ಇದೆ," ಎಂದ ಚಿಕ್ಕಬೋರಯ್ಯ.

"ಬೀಳುವಾಗ ಕಲ್ಲಿಗೆ ತಾಗಿದೆ."

"ಬಿದ್ದ ಮೇಲೆ ಬಾವಿಯ ಮುಚ್ಚಳ ಯಾರು ಎಳೆದರು ಸ್ವಾಮಿ?"

ನಾಗಯ್ಯ ತಿರುಗಿ ನೋಡಿದರು. ಬಾವಿಯ ಬಾಯಿಗೆ ದಪ್ಪ ತಗಡಿನ ಮುಚ್ಚಳವಿತ್ತು. ಬೆಳಿಗ್ಗೆ ಎಂಜಿನ್ನು ಹಚ್ಚಲು ಬಂದ ಮರಿಯಯ್ಯ ಅದನ್ನು ಸರಿಸಿದಾಗಲೇ ಹೆಣ ಕಂಡದ್ದು.

"ನಾನೇ ಸಾಮಿ ಮುಚ್ಚಿದ್ದು," ಎಂದು ಎಂಜಿನ್ ಡ್ರೈವರ್ ಮರಿಯಯ್ಯ ಮುಂದೆ ಬಂದ. ಅವನ ಕೈ ಟವಲಿನ ಅಂಚನ್ನು ಸುತ್ತುತ್ತಲೇ ಇತ್ತು. "ಶನ್ವಾರ ಎಂಟ್ ಗಂಟೆಗೆ ಎಂಜಿನ್ ಮನೆಗೆ ಬೀಗ ಆಕಕ್ ಬಂದೆ. ಮುಚ್ಳ ತೆಗ್ದೇ ಇತ್ತು. ನಾಯಿ ಗೀಯಿ ಬಿದ್ದಾತು ಅಂತ ಎಳುದ್ಬುಟ್ಟು ಓದೆ."

"ಒಳಗೆ ನೋಡಲಿಲ್ವಾ?"

"ಕತ್ಲಲ್ಲಿ ಏನ್ ನೋಡಾನೆ?"

"ಲಾಟೀನು?"

"ಸೀಮೆಎಣ್ಣೆ ಎಲ್ ಸಿಕ್ತದೆ ಸಾಮಿ, ಈ ಯುದ್ದುದ್ ಕಾಲ್ದಲ್ಲಿ?"

ಒಪ್ಪುವಂಥ ಮಾತೇ. ಭಾನುವಾರ ಎಂಜಿನ್ನಿಗೆ ಎಣ್ಣೆಯಿಲ್ಲದೆ ರಜ, ಅದೂ ನಿಜ. ಆದರೂ ಮಾತು ಮುಗಿಯುವ ತನಕ ಮರಿಯಯ್ಯ ಒಮ್ಮೆಯೂ ಹೆಣದ ಕಡೆಗೆ ನೋಡಲಿಲ್ಲ. ಎಂಟು ವರ್ಷ ಒಟ್ಟಿಗೆ ಬೀಡಿ ಸೇದಿದ ಗೆಳೆಯನ ಮುಖವನ್ನು ನೋಡದೆ, ಹೊಳೆಯಾಚೆಯ ಕಬ್ಬಿನ ಗದ್ದೆಯನ್ನೇ ನೋಡುತ್ತಿದ್ದ.

ಚಿಕ್ಕಬೋರಯ್ಯ ಮತ್ತೆ ಆ ಬೆರಳುಗಳಿಗೆ ಬಂದ. ಉಗುರಿನ ಸಂದಿಗಳಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು.

"ಕುಂಕುಮ," ಎಂದರು ನಾಗಯ್ಯ. "ಶನಿವಾರವಲ್ಲವೇ, ದೇವಸ್ಥಾನಕ್ಕೆ ಹೋಗಿರಬೇಕು."

ನಿಂಗಯ್ಯನನ್ನು ಯಾವ ದೇವಸ್ಥಾನದೊಳಕ್ಕೆ ಬಿಡುತ್ತಾರೆ ಎಂಬ ಮಾತು ಚಿಕ್ಕಬೋರಯ್ಯನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಬೆರಳನ್ನು ಮೂಗಿನ ಹತ್ತಿರ ತಂದ. ಎರಡು ರಾತ್ರಿ ನೀರಿನಲ್ಲಿದ್ದರೂ ಅಗಸೆಎಣ್ಣೆಯ ವಾಸನೆ ಹೋಗಿರಲಿಲ್ಲ.

ಕುಂಕುಮವಲ್ಲ. ಕೊಳವೆಗೆ ಕೊಳವೆ ಕೂಡಿಸುವಾಗ ಸಣಬಿನ ನಾರಿಗೆ ಬಳಿದು ಜಾಯಿಂಟಿಗೆ ಸುತ್ತುವ, ಅಗಸೆಎಣ್ಣೆಯಲ್ಲಿ ಕಲೆಸಿದ ಕೆಂಪು ಲೇಪ. ಅಂದರೆ ಸಾಯುವುದಕ್ಕೆ ಸ್ವಲ್ಪ ಮುಂಚೆ ನಿಂಗಯ್ಯ ಎಲ್ಲೋ ಒಂದು ಕೊಳವೆ ಕೂಡಿಸಿದ್ದ. ಆದರೆ ಎರಡು ತಿಂಗಳಿಂದ ಮದ್ದೂರಿನಲ್ಲಿ ಯಾವ ಕೊಳವೆಗೂ ಕೈ ಹಚ್ಚಲು ಕಚೇರಿಯಿಂದ ಅಪ್ಪಣೆ ಹೋಗಿರಲಿಲ್ಲ.

"ನಿಮಗೊಂದು ಮಾತು," ಎಂದು ನಾಗಯ್ಯ ಅವನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮೇಲೆ ಅರ್ಜಿ ಬಂದಿದೆ. ಹೊಂಡದ ಬೀದಿಯ ನೀರಿಗೆ ನಿಮ್ಮ ಕೇರಿಯವರು ಏನೋ ಬೆರೆಸಿದರು ಅಂತ. ಸತ್ತವನು ನಿಮ್ಮವನು. ಅವನ ಮೇಲಧಿಕಾರಿ ನೀವು. ಯಾರನ್ನೂ ವಿಚಾರಿಸಿಕೊಂಡು ತಿರುಗಬೇಡಿ. ತಿರುಗಿದರೆ ನನ್ನ ಕಣ್ಣು ನಿಮ್ಮ ಬೆನ್ನ ಮೇಲಿರುತ್ತದೆ."

"ಇರಲಿ ಸ್ವಾಮಿ. ನನ್ನ ಕೆಲಸ ಕೊಳವೆ ನೋಡುವುದು. ಅದನ್ನು ನೋಡುತ್ತೇನೆ."

*

ಹಿಂದಿನ ಪುಷ್ಯಮಾಸದಲ್ಲಿ ಚಿಕ್ಕಬೋರಯ್ಯ ಈ ಕೆಲಸಕ್ಕೆ ಬಂದಾಗ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂರಿನ ನೀರು ಮತ್ತು ಚರಂಡಿ ಒಂದೇ ಕಚೇರಿಯ ಕೆಳಗಿತ್ತು. ಮಳವಳ್ಳಿಯಲ್ಲಿ ಕೆರೆ ತಳ ಕಂಡಿತ್ತು, ಮಂಡ್ಯದಲ್ಲಿ ಹೂಳು ತುಂಬಿದ ಚರಂಡಿ ಮನೆಯೊಳಕ್ಕೆ ಹರಿಯುತ್ತಿತ್ತು, ಮದ್ದೂರಿನಲ್ಲಿ ಎಂಜಿನ್ನು ದಿನ ಬಿಟ್ಟು ದಿನ ಕೆಮ್ಮುತ್ತಿತ್ತು. ಯುದ್ಧ ಶುರುವಾದ ಮೇಲೆ ಕೊಳವೆಯಿಲ್ಲ, ಎಣ್ಣೆಯಿಲ್ಲ, ಬ್ಲೀಚಿಂಗ್ ಪುಡಿಯ ಪೀಪಾಯಿ ಬಂದರೆ ಹಬ್ಬ. ವರ್ಷವಿಡೀ ಅವನು ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಒಂದೊಂದು ಸಲ ಕಬ್ಬಿನ ಗಾಡಿಯ ಮೇಲೆ ಮೂರೂರಿನ ನಡುವೆ ತಿರುಗಿದ್ದ. ಮಂಡ್ಯದ ಕಚೇರಿಯನ್ನು ಹಳೆಯ ಗುಮಾಸ್ತ ಬೆಟ್ಟಯ್ಯ ನೋಡಿಕೊಳ್ಳುತ್ತಿದ್ದರು. ಬೆಟ್ಟಯ್ಯ ಬೇರೆ ಯಾರೂ ಅಲ್ಲ, ಅವನ ಅಕ್ಕನ ಗಂಡ. ತಂದೆಯಿಲ್ಲದ ಚಿಕ್ಕನನ್ನು ಮನೆಯಲ್ಲಿಟ್ಟುಕೊಂಡು, ಬೆಂಗಳೂರಿಗೆ ಕಳಿಸಿ ಎಂಜಿನಿಯರಿಂಗ್ ಓದಿಸಿದವರು.

ಅವನು ಕೇರಿಯಲ್ಲಿ ಹುಟ್ಟಿದವನೆಂದು ಮೂರೂರಿಗೂ ಗೊತ್ತಿತ್ತು. ಅವನ ಕೈಯ ನೀರು ಕುಡಿಯದವರ ಹಿತ್ತಲಿಗೂ ಅವನು ಬಿಟ್ಟ ನೀರೇ ಹೋಗುತ್ತಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಆಡಿದ್ದು ಜ್ಯೇಷ್ಠದಲ್ಲಿ. ಹೊಂಡದ ಬೀದಿಯ ಬಾವಿಗಳೆಲ್ಲ ಸವುಳು. ಬೀದಿಗೂ ಅದರ ತುದಿಯ ಕೇರಿಗೂ ಸೇರಿ ಒಂದೇ ನಲ್ಲಿ ಹಾಕಿಸಿ, 'ಯಾರು ಬೇಕಾದರೂ ಹಿಡಿಯಬಹುದು' ಎಂದು ಹಲಗೆ ಕಟ್ಟಿಸಿದ್ದ. ಒಂದು ವಾರ ಗಲಾಟೆಯಾಯಿತು. ಆಮೇಲೆ ತಣ್ಣಗಾಯಿತು. ಗೆದ್ದೆನೆಂದುಕೊಂಡಿದ್ದ.

ಈಗ, ಹೆಣದ ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು ಬರುವಾಗ, ಅಷ್ಟು ಬೇಗ ಯಾಕೆ ತಣ್ಣಗಾಯಿತು ಎಂದು ಮೊದಲ ಸಲ ಅನುಮಾನ ಬಂತು.

*

ನಿಂಗಯ್ಯನ ಹೆಂಡತಿ ಮಂಚಮ್ಮ ಗುಡಿಸಲ ಮುಂದೆ ಕೂತಿದ್ದಳು. ಅತ್ತು ಮುಗಿದಿತ್ತು. ನೆರೆಯ ಹೆಂಗಸರು ದೂರ ಸರಿದರು.

"ಶನ್ವಾರ ದೀಪ ಅಚ್ಚೋ ಒತ್ನಲ್ಲಿ ಯಾರೋ ಕೂಗುದ್ರು ಅಣ್ಣಯ್ಯ. ನಾನ್ ಒಲೆ ಮುಂದಿದ್ದೆ. 'ನಿಂಗಾ, ಸಾಮಾನ್ ತಕ್ಕಂಡ್ ಬಾ' ಅಂದ್ರು."

"ಒಳಗೆ ಬರಲಿಲ್ವಾ?"

"ಬೇಲಿಯಾಚೇನೇ ನಿಂತಿದ್ರು. ಮೆತ್ತುಗ್ ಮಾತಾಡುದ್ರು, ದನಿ ಗುರ್ತು ಸಿಕ್ನಿಲ್ಲ."

ಕೇರಿಯೊಳಕ್ಕೆ ಕಾಲಿಡದವನು. 'ನಿಂಗಾ' ಎಂದು ಮೊಟಕಾಗಿ ಕರೆಯುವವನು. ಚಿಕ್ಕಬೋರಯ್ಯನ ಮನಸ್ಸು ಆಗಲೇ ಹೊಂಡದ ಬೀದಿಯ ದೊಡ್ಡ ಮನೆಗಳ ಕಡೆ ಓಡಿತು.

"ನಿಂಗಯ್ಯ ಏನಂದ?"

"ಉಣ್ಣಕ್ ಕೂತಿದ್ರು. ಮುದ್ದೆ ಅರ್ದುಕ್ಕೇ ಬುಟ್ಟು ಎದ್ರು. 'ಇದೊಂದ್ ಮಾಡ್ಬುಟ್ಟು ಬತ್ತೀನಿ ಕಣಮ್ಮಿ. ಸೋಮ್ವಾರ ಸಾಯೇಬ್ರಿಗೆ ಎಲ್ಲಾ ಯೋಳ್ತೀನಿ. ಒಂಬತ್ ಜನುದ್ ಪಾಪ ಒತ್ಕಂಡು ಕಣ್ ಮುಚ್ಚಕ್ಕಾಯ್ತಿಲ್ಲ' ಅಂದ್ರು."

ಅವಳು ಮೊದಲ ಸಲ ಅವನ ಮುಖ ನೋಡಿದಳು. "ಊರೋರೆಲ್ಲ ನಿಂಗನೇ ನೀರ್ಗೆ ವಿಸ ಆಕ್ದ ಅಂತಾವ್ರೆ. ದಿಟವಾ ಅಣ್ಣಯ್ಯ?"

"ಸುಳ್ಳು."

"ನಿಮ್ಗೆಂಗ್ ಗೊತ್ತು? ಪಾಪ ಅಂತ ಅವ್ರೇ ಅಂದ್ರಲ್ಲ."

ಅವನಿಗೆ ಗೊತ್ತಿರಲಿಲ್ಲ. ಆದರೂ ಹೇಳಿದ: "ಇವತ್ತು ಸಂಜೆಯೊಳಗೆ ಬಂದು ಹೇಳ್ತೀನಿ ಕಣಮ್ಮ. ಅಲ್ಲಿಗಂಟ ಯಾರ ಮಾತೂ ಕಿವಿಗೆ ಹಾಕ್ಕೋಬೇಡ."

*

ಊರಿಗೆಲ್ಲ ತಮಟೆ ಹೊಡೆಸಿ, ನಲ್ಲಿಯ ನೀರನ್ನು ಯಾರೂ ಕುಡಿಯಬಾರದೆಂದು ಸಾರಿಸಿದ. ಆಮೇಲೆ ಗುಡ್ಡದ ಮೇಲಿನ ತೊಟ್ಟಿಗೆ ಹೋದ. ಅಲ್ಲಿ ಶನಿವಾರ ಮಧ್ಯಾಹ್ನ, ನಿಂಗಯ್ಯ ಬಾವಿಗೆ ಬೀಳುವುದಕ್ಕೆ ಮುಂಚೆ ಏರಿಸಿದ ನೀರು ಇನ್ನೂ ಮೊಣಕಾಲೆತ್ತರ ಇತ್ತು. ಉಳಿದಿದ್ದ ಬ್ಲೀಚಿಂಗ್ ಪುಡಿಯನ್ನೆಲ್ಲ ತನ್ನ ಕೈಯಾರೆ ಅದಕ್ಕೆ ಸುರಿದು ಕದಡಿದ. ಮೂಗು ಮುಚ್ಚಿಕೊಳ್ಳುವಷ್ಟು ಘಾಟು.

ಹೊಂಡದ ಬೀದಿಯ ನಲ್ಲಿಯನ್ನು ಬಿಗಿದು ಕಟ್ಟಿ, ಮೇಲಿನಿಂದ ಆ ಬೀದಿಗೆ ಮಾತ್ರ ನೀರು ಬಿಟ್ಟ.

ನಲ್ಲಿ ಕಟ್ಟಿದ ಮೇಲೆ ಕೊಳವೆಯಲ್ಲಿ ನೀರು ನಿಲ್ಲಬೇಕು. ನಿಂತ ನೀರಿಗೆ ಸದ್ದಿಲ್ಲ.

ಸೋರುವ ಕೊಳವೆ ಹುಡುಕಲು ಅವನ ಹತ್ತಿರ ಒಂದು ಕಬ್ಬಿಣದ ಕೋಲಿತ್ತು. ಒಂದು ತುದಿಯನ್ನು ನೆಲಕ್ಕೂರಿ, ಮತ್ತೊಂದು ತುದಿಯ ಮರದ ಬಟ್ಟಲಿಗೆ ಕಿವಿ ಕೊಟ್ಟರೆ ನೆಲದೊಳಗೆ ಹರಿಯುವ ನೀರು ಕೇಳಿಸುತ್ತದೆ. ಬೀದಿಯ ಜನ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಐದು ಬಾಗಿಲುಗಳ ಮೇಲೆ ಬೇವಿನ ಸೊಪ್ಪು ಬಾಡಿ ನೇತಾಡುತ್ತಿತ್ತು. ಒಂಬತ್ತು ಹೆಣವೂ ಹೊರಟದ್ದು ಆ ಐದು ಬಾಗಿಲಿನಿಂದ. ಬೀದಿಯ ಉಳಿದ ಮನೆಗಳಲ್ಲಾಗಲಿ, ಅದೇ ನಲ್ಲಿ ಹಿಡಿಯುವ ಕೇರಿಯಲ್ಲಾಗಲಿ ಒಬ್ಬರಿಗೂ ವಾಂತಿಭೇದಿ ಬಂದಿರಲಿಲ್ಲ.

ಆ ಐದು ಮನೆಯವರು ಮಾತ್ರ ನಲ್ಲಿಯ ಹತ್ತಿರ ಒಂದು ದಿನವೂ ಕೊಡ ತಂದವರಲ್ಲ. ಹೊಳೆಗೆ ಹೋದವರೂ ಅಲ್ಲ. ಏಳು ತಿಂಗಳು ಅವರು ಏನು ಕುಡಿದರು?

ಕೋಲನ್ನು ಮೊದಲ ಮನೆಯ ಮುಂದೆ ಊರಿದ. ಸದ್ದಿಲ್ಲ.

ಮೂರನೆಯದರ ಮುಂದೆ ಊರಿದ. ಏನೂ ಇಲ್ಲ.

ಬೀದಿ ಬಿಟ್ಟು, ಆ ಮನೆಗಳ ಹಿತ್ತಲಿನ ಚರಂಡಿಯ ಅಂಚಿಗೆ ಬಂದ. ಕೋಲು ಊರಿ ಕಿವಿ ಕೊಟ್ಟವನು ಹಾಗೇ ನಿಂತುಬಿಟ್ಟ. ನೆಲದ ಕೆಳಗೆ ಸಣ್ಣಗೆ, ಎಡೆಬಿಡದೆ, ಶೀಟಿಯಂಥ ಸದ್ದು. ನೀರು ಎಲ್ಲಿಗೋ ಓಡುತ್ತಿತ್ತು.

ಜೇಬಿನಿಂದ ನಕ್ಷೆ ತೆಗೆದ. ಅಲ್ಲಿ ಚರಂಡಿಯ ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಚರಂಡಿಗಿಳಿದು ಕೈ ಹಾಕಿ ತಡಕಿದ. ಕೊಚ್ಚೆಯ ಅಡಿಯಲ್ಲಿ ಕೊಳವೆ ಸಿಕ್ಕಿತು. ಇನ್ನೊಂದು ಮಾರು ಮುಂದೆ ಜಾಯಿಂಟು. ಅದಕ್ಕೆ ಸುತ್ತಿದ ಸಣಬು ಹೊಸದು. ಕೈ ಮೇಲೆತ್ತಿದಾಗ ಅವನ ಉಗುರಿನ ಸಂದಿಯಲ್ಲೂ ಕೆಂಪು ಮೆತ್ತಿತ್ತು.

ಸೋರುತ್ತಿದ್ದುದನ್ನು ಶನಿವಾರ ಸಂಜೆ ಯಾರೋ ನಿಂಗಯ್ಯನಿಂದ ಮುಚ್ಚಿಸಿದ್ದರು. ಕಿತ್ತು ಹಾಕಿಸಿರಲಿಲ್ಲ. ಸದ್ದಿಲ್ಲದೆ ರಿಪೇರಿ ಮಾಡಿಸಿ, ಕೊಳವೆಯನ್ನು ಹಾಗೇ ಉಳಿಸಿಕೊಂಡಿದ್ದರು.

ಸದ್ದು ಹಿಡಿದುಕೊಂಡು ಹೆಜ್ಜೆಹೆಜ್ಜೆಗೂ ಕೋಲೂರುತ್ತ ನಡೆದ. ಅದು ಒಂದು ಹಿತ್ತಲ ಗೋಡೆಯ ಕೆಳಗೆ ನುಗ್ಗಿತು.

*

"ಯಾರ್ಲಾ ಅದು, ಕೋಲ್ಗೆ ಕಿವಿ ಕೊಟ್ಕಂಡು?"

ಹಿತ್ತಲ ಜಗಲಿಯ ಮೇಲೆ ಕೂತು ಸಣ್ಣತಾಯಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಅರವತ್ತು ದಾಟಿದ ಹೆಂಗಸು. ಕೊಪ್ಪದ ಕಡೆ ಗದ್ದೆ, ಮದ್ದೂರಿನಲ್ಲಿ ಈ ತೊಟ್ಟಿಮನೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಒಬ್ಬರೇ ಆಳಿದವರು. ಹತ್ತು ದಿನದ ಹಿಂದೆ ಅವರ ಸೊಸೆ ಮಂಗಳಮ್ಮ ಈ ಮನೆಯಿಂದ ಹೆಣವಾಗಿ ಹೋಗಿದ್ದಳು.

"ನೀರಿನ ಕಚೇರಿ ಓವರ್ಸಿಯರ್ ಅವ್ವಾ."

"ಅಲ್ಲೇ ನಿಂತ್ಕೊ. ಸಾವಾದ್ ಮನೆ."

ಸಾವಿಗಾಗಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಅಲ್ಲೇ ನಿಂತ.

"ನಿಮ್ಮ ಮನೆಗೆ ಕುಡಿಯೋ ನೀರು ಎಲ್ಲಿಂದ ಬರ್ತದೆ?"

"ಬಾವೀಲೈತೆ."

"ಬಾಯಾರಿದೆ. ಒಂದು ಚೊಂಬು ಕೊಡ್ತೀರಾ?"

ಅವರ ಕೈ ನಿಂತಿತು. ಇಲ್ಲವೆನ್ನುವುದು ಅವರ ಮನೆತನಕ್ಕೆ ಒಗ್ಗದ ಮಾತು. ಎದ್ದು ಒಳಗೆ ಹೋಗಿ ಚೊಂಬು ತಂದರು. ಅವನು ಬೊಗಸೆಯೊಡ್ಡಿದ. ಅವರು ಮೇಲಿನಿಂದ, ತಾಗದ ಹಾಗೆ, ಸುರಿದರು.

ಅವನು ಕುಡಿಯಲಿಲ್ಲ. ಬೊಗಸೆಯನ್ನು ಮೂಗಿಗೆ ಹಿಡಿದ. ಬೆಳಿಗ್ಗೆಯ ಅದೇ ಘಾಟು.

"ಅವ್ವಾ, ಗುಡ್ಡದ ತೊಟ್ಟಿಗೆ ಇವತ್ತು ನಾನೇ ಹಾಕಿದ ಪುಡಿ ನಿಮ್ಮ ಬಾವಿಗೆ ಹೆಂಗೆ ಬಂತು?"

ಸಣ್ಣತಾಯಮ್ಮ ಚೊಂಬನ್ನು ಕೆಳಗಿಟ್ಟರು. ಮುಖದಲ್ಲಿ ಅಂಜಿಕೆ ಬರುತ್ತದೆಂದು ಅವನು ಕಾದಿದ್ದ. ಬಂದದ್ದು ಸಿಟ್ಟು.

"ಊ ಕಣಪ್ಪ, ಕೊಳ್ವೆ ಆಕ್ಸಿವ್ನಿ. ನಮ್ ಕಬ್ಬಿನ್ ತೋಟುದ್ ಪಂಪಿನ್ ಕೊಳ್ವೆ, ನಂದೇ. ಐದ್ ಮನೇರು ಸೇರ್ಕಂಡು ಆಕ್ಸುದ್ವಿ. ಏನೀಗ? ಆ ನಲ್ಲೀಲಿ ಕೇರಿಯೋರ್ ಕೊಡ ತಗುಲ್ಸುದ್ ಮೇಲೆ ನಾವ್ ಕುಡೀಬೇಕಿತ್ತಾ?"

"ಚರಂಡಿಯೊಳಗೆ ಹಾಕ್ಸಿದ್ದೀರಿ."

"ಬೀದೀಲ್ ಆಕುದ್ರೆ ನೀನ್ ಬುಡ್ತಿದ್ದಾ?"

"ಇಲ್ಲ, ಬಿಡ್ತಿರಲಿಲ್ಲ," ಎಂದ ಚಿಕ್ಕಬೋರಯ್ಯ. ಮುಂದಿನ ಮಾತು ಆಡುವುದೋ ಬೇಡವೋ ಎಂದು ಒಂದು ಗಳಿಗೆ ಹಿಂಜರಿದ. ಹನ್ನೆರಡು ತಿಂಗಳು ಈ ಬೀದಿಯವರ ಕಣ್ಣು ತನ್ನನ್ನು ನೋಡಿದ ಬಗೆ ನೆನಪಾಯಿತು. ಆಡಿದರೆ ಸೇಡು ತೀರಿಸಿಕೊಂಡಂತಾಗುತ್ತದೆ, ಆಡದಿದ್ದರೆ ಮಂಚಮ್ಮನಿಗೆ ಕೊಟ್ಟ ಮಾತು ಹೋಗುತ್ತದೆ.

"ದಿನಕ್ಕೆ ಎರಡು ಹೊತ್ತು ಮಾತ್ರ ಬೀದಿಗೆ ನೀರು ಬಿಡ್ತೀವಿ ಅವ್ವಾ. ಅದು ನಿಂತಾಗ ಕೊಳವೆ ಖಾಲಿಯಾಗ್ತದೆ. ಖಾಲಿ ಕೊಳವೆ ಸುತ್ತ ಇರೋದನ್ನ ಒಳಕ್ಕೆ ಎಳ್ಕೊಳ್ತದೆ. ನಿಮ್ಮ ಕೊಳವೆಯ ಜಾಯಿಂಟು ಬಿಟ್ಟಿತ್ತು. ಸುತ್ತ ಇದ್ದದ್ದು ಚರಂಡಿ."

ಅವರು ಅವನನ್ನೇ ನೋಡುತ್ತಿದ್ದರು.

"ಕೇರಿಯವರೂ ಬೀದಿಯ ಉಳಿದವರೂ ನಲ್ಲಿ ನೀರು ಕುಡಿದರು. ಅವರಿಗೇನೂ ಆಗಲಿಲ್ಲ. ಈ ಕೊಳವೆ ನೀರು ಕುಡಿದ ಐದು ಮನೆಯಲ್ಲಿ..."

"ಸುಮ್ಕಿರು."

ಬಿಡಿಸಿದ ಅವರೆಕಾಳಿನ ಮೊರ ಅವರ ತೊಡೆಯಿಂದ ಜಾರಿ ಜಗಲಿಯ ಮೇಲೆಲ್ಲ ಚೆಲ್ಲಿತು. ಅವರಿಗೆ ಗೊತ್ತೇ ಆಗಲಿಲ್ಲ.

"ನೀರು ನೀರು ಅಂತಾನೇ ಇದ್ಲು," ಎಂದರು. "ಮಂಗ್ಳ. ಒಂದ್ ಹಗ್ಲು ಪೂರ್ತಿ. ನಾನೇ ಕುಡುಸ್ದೆ. ತಲೆ ಎತ್ತಿಡ್ಕಂಡು ಚೊಂಬ್ ಚೊಂಬು ಕುಡುಸ್ದೆ. ಕುಡಿಯವ್ವಾ, ನಮ್ ನೀರು ಮಡಿ ನೀರು ಅಂದೆ."

ಚಿಕ್ಕಬೋರಯ್ಯ ತಲೆ ತಗ್ಗಿಸಿದ. ಗೆಲುವು ಎಂಬುದು ಅವನಿಗೆ ಎಲ್ಲೂ ಅನಿಸಲಿಲ್ಲ.

"ಅವ್ವಾ, ಇನ್ನೊಂದು ಕೇಳಬೇಕು. ಶನಿವಾರ ಸಂಜೆ ನಿಂಗಯ್ಯನನ್ನು ಕರೆಸಿದ್ದು ನೀವೇನಾ?"

"ನಾನ್ಯಾಕ್ ಕರುಸ್ಲಿ? ಸೂತ್ಕುದ್ ಮನೇಲಿ ಕೂತಿದ್ದೆ. ಇತ್ಲಲ್ಲಿ ಸದ್ದಾಯ್ತು, ಕಿಟ್ಕೀಲಿ ನೋಡುದ್ರೆ ಇಬ್ರು ಚರಂಡಿ ತಾವಿದ್ರು. ಒಬ್ಬ ನಿಂಗ. ಇನ್ನೊಬ್ಬ ದೀಪ ಇಡ್ಕಂಡಿದ್ದ."

"ಯಾರು?"

"ಕೊಳ್ವೆಗೆ ಅಪ್ಣೆ ತಂದ್ಕೊಟ್ಟೋನು."

"ಅಪ್ಪಣೆಯಾ?"

"ಕದ್ದು ಆಕ್ಸುದ್ವಿ ಅಂತ ತಿಳ್ಕಂಡಿದ್ದೀಯಾ? ನಿನ್ ಕಚೇರಿ ಕಾಗ್ದ ಐತೆ ನನ್ತಾವ." ಅವರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಮರಳಿ ಬಂದಾಗ ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ಈ ಸಲ ತಾಗದ ಹಾಗೆ ಮೇಲಿನಿಂದ ಹಾಕಲಿಲ್ಲ. ಅವನ ಕೈಗೇ ಕೊಟ್ಟರು.

ಹೊಂಡದ ಬೀದಿಯ ಹಿತ್ತಲ ಸಾಲಿನಲ್ಲಿ ಖಾಸಗಿ ಕೊಳವೆ ಹಾಕಿಕೊಳ್ಳಲು ಅನುಮತಿ. ಜ್ಯೇಷ್ಠ ಮಾಸದ ತಾರೀಖು. ಕಚೇರಿಯ ಮೊಹರು. ಕೆಳಗೆ ಸಹಿ.

ಸಹಿ ಅವನದೇ. ಕಳ್ಳ ಸಹಿಯಲ್ಲ. ಬೋ ಅಕ್ಷರದ ಬಾಲವನ್ನು ಎಳೆಯುವ ಅವನ ಅಭ್ಯಾಸವೂ ಅಲ್ಲಿತ್ತು.

ಜ್ಯೇಷ್ಠದಲ್ಲಿ, ನಲ್ಲಿ ಹಾಕಿಸಿದ ವಾರದಲ್ಲೇ, ಅವನು ಚಳಿಜ್ವರದಿಂದ ಮಂಡ್ಯದಲ್ಲಿ ಹದಿನೈದು ದಿನ ಮಲಗಿದ್ದ. ಕಚೇರಿಯ ಕೆಲಸ ನಿಲ್ಲಬಾರದೆಂದು ಖಾಲಿ ಹಾಳೆಗಳಿಗೆ ಸಹಿ ಹಾಕಿ ಒಬ್ಬರ ಕೈಗೆ ಕೊಟ್ಟಿದ್ದ. ಕೊಡುವಾಗ ಎಣಿಸಲಿಲ್ಲ. ಅವರಿಗೆ ಕೊಡುವಾಗ ಎಣಿಸುವ ಮಾತೇ ಇರಲಿಲ್ಲ.

ಸಹಿಯ ಮೇಲಿನ ಬರಹದ ಗುಂಡಗಿನ ಅಕ್ಷರಗಳನ್ನು ನೋಡಿದ. ಸ್ಲೇಟಿನ ಮೇಲೆ ಕೈ ಹಿಡಿದು ಅವನಿಗೆ ಅ ಆ ಇ ಈ ತಿದ್ದಿಸಿದ ಅಕ್ಷರಗಳು.

"ತಂದುಕೊಟ್ಟವನ ಹೆಸರು ಹೇಳಿ ಅವ್ವಾ."

"ನಿಮ್ ಗುಮಾಸ್ತ. ಬೆಟ್ಟಯ್ಯ."

ಮಂಡ್ಯದ ಕಚೇರಿಯಲ್ಲಿ ಕೂತಿರಬೇಕಾದ ಬಾವ ಶನಿವಾರ ಸಂಜೆ ಇಲ್ಲಿ ದೀಪ ಹಿಡಿದು ನಿಂತಿದ್ದರು. ಬೇಲಿಯಾಚೆಯಿಂದ 'ನಿಂಗಾ' ಎಂದು ಕರೆದವರು ಅವರು. ದೊಡ್ಡ ಮನೆಯವನಲ್ಲ. ಗುರುತು ಸಿಗಬಾರದೆಂದು ಒಳಗೆ ಬಾರದೆ ನಿಂತ ಕೇರಿಯವನೇ.

"ಅವರಿಗೇನು ಕೊಟ್ಟಿರಿ?"

"ಏನೂ ಈಸ್ಕಳ್ನಿಲ್ಲ ಕಣಪ್ಪ. ಕೊಡಕ್ ಓದ್ರೆ ಕೈ ಮುಗುದ್ಬುಟ್ಟ. 'ನಿಮ್ ಐದ್ ಮನೆಗ್ ನೀರ್ ಬಂದ್ರೆ ಸಾಕು, ನಮ್ ಉಡ್ಗುನ್ ಮೇಲೆ ಅರ್ಜಿ ಬರೀಬ್ಯಾಡಿ, ಆ ನಲ್ಲೀನ ಕೀಳುಸ್ಬ್ಯಾಡಿ' ಅಂದ."

ಚಿಕ್ಕಬೋರಯ್ಯ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಗಲಾಟೆ ತಣ್ಣಗಾದದ್ದು ಹೀಗೆ. ಅವನ ನಲ್ಲಿ ಉಳಿದದ್ದು ಹೀಗೆ.

"ಇನ್ನೂ ಒಂದ್ ಯೋಳ್ಬೇಕು," ಎಂದರು ಸಣ್ಣತಾಯಮ್ಮ. ದನಿ ಇಳಿದಿತ್ತು. "ನೀವ್ ಬರೋಕೆ ವಸಿ ಮುಂಚೆ ಅವ್ನು ಬಂದಿದ್ದ. ಈ ಕಾಗ್ದ ವಾಪಸ್ ಕೊಡಿ ಅಂದ. ಕೊಡ್ನಿಲ್ಲ. ನಿಂಗುನ್ ತಾವೂ ಇಂತದೇ ಚೀಟಿ ಇತ್ತು, ಅದು ಅವನ್ ಎಂಡ್ರತ್ರ ಐತೋ ಏನೋ ಅಂತ ತನ್ನೊಳ್ಗೇ ಅನ್ಕಂಡು ಕೇರಿ ಕಡೀಕೆ ಒಂಟೋದ."

ಅವರು ಅವನಿಗೆ ಬಹುವಚನ ಹಚ್ಚಿದ್ದನ್ನು ಗಮನಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ಕೋಲನ್ನು ಅಲ್ಲೇ ಬಿಟ್ಟು ಸೈಕಲ್ಲಿನ ಕಡೆ ಓಡಿದ.

*

ಹೊಂಡದ ಬೀದಿಯಿಂದ ಕೇರಿಗೆ ಇನ್ನೂರು ಗಜ. ಪೆಡಲು ತುಳಿಯುತ್ತ ಎರಡು ಸಲ ಕಾಲು ಜಾರಿತು. ನಿಂಗಯ್ಯನ ತಲೆಯ ಹಿಂದಿನ ಗಾಯ ಕಣ್ಣ ಮುಂದೆ ಬರುತ್ತಿತ್ತು. ಅದರ ಜೊತೆಗೇ ಬೆಳಗಿನ ಜಾವ ತನಗೆ ಗಂಜಿ ಕಾಯಿಸಿ ಕೊಡುತ್ತಿದ್ದ ಬಾವನ ಮುಖ. ಎರಡನ್ನೂ ಒಂದೆಡೆ ಇಡಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಗುಡಿಸಲ ಮುಂದೆ ಮಂಚಮ್ಮ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಅವನಿಗೆ ಉಸಿರು ಬಂತು.

"ಬಂದ್ರಾ ಅಣ್ಣಯ್ಯ? ನಿಮ್ ಬಾವೋರು ಒಳುಗ್ ಅವ್ರೆ. ನೀವೇ ಕಳ್ಸುದ್ರಂತಲ್ಲ, ಯಾವ್ದೋ ಚೀಟಿ ನೋಡಕ್ಕೆ?"

"ಎಷ್ಟೊತ್ತಾಯ್ತು?"

"ಈಗೀಗ ಬಂದ್ರು. ನಂಗ್ ಎಲ್ಲೈತೆ ಅಂತ ಗೊತ್ತಿಲ್ಲ, ನೀವೇ ಉಡೀಕಳಿ ಅಂದೆ."

ಚಿಕ್ಕಬೋರಯ್ಯ ಅವಳ ತೋಳು ಹಿಡಿದು ಎಬ್ಬಿಸಿ ನೆರೆಯವರ ಕಡೆ ಕಳಿಸಿದ. ತಟ್ಟಿಯ ಬಾಗಿಲ ಮೇಲೆ ಕೈಯಿಟ್ಟ. ಒಳಗಿನಿಂದ ಅಗಣಿ ಬಿದ್ದಿತ್ತು.

"ಬಾವ."

ಒಳಗೆ ಮಡಕೆಗಳು ಉರುಳುತ್ತಿದ್ದ ಸದ್ದು ನಿಂತಿತು.

"ಬಾವ, ಬಾಗಿಲು ತೆಗೀರಿ."

"ಚಿಕ್ಕಾ?" ಬೆಟ್ಟಯ್ಯನವರ ದನಿ ಎಂದಿನಂತೆ ಮೆತ್ತಗಿತ್ತು. ಸಿಕ್ಕಿಬಿದ್ದವನ ದನಿಯಲ್ಲ, ಬಹಳ ದಣಿದವನ ದನಿ. "ಸಣ್ಣತಾಯಮ್ಮ ಯೋಳ್ಬುಟ್ಳಾ?"

"ಹೇಳಿದ್ರು. ಕಾಗದ ನನ್ನ ಕೈಲಿದೆ."

"ಕೊಳ್ವೆ ಕೊಡ್ಸಿದ್ದು ನಾನೇ ಕಣಪ್ಪ. ಒಂಬತ್ ಜನ ಓದ್ರು, ಅದೂ ನನ್ ತಲೆ ಮೇಲೇ. ಆದ್ರೆ ನಿಂಗುನ್ ಮೇಲೆ ನಾನ್ ಕೈ ಮಾಡಿಲ್ಲ. ಕೆಲ್ಸ ಮುಗುಸ್ಕಂಡು ಅವ್ನು ಎಂಜಿನ್ ಮನೆ ಕಡೀಕೆ ಓದ. ನಾನು ಇಂದ್ಗಡೆ ನಿಂತು ನೋಡ್ದೆ. ಬಾವಿತಾವ ಒಬ್ರಲ್ಲ, ಇಬ್ರು ಕಾಯ್ತಾ ಇದ್ರು."

"ಇಬ್ಬರಾ? ಮರಿಯಯ್ಯನ ಜೊತೆ ಇನ್ಯಾರು?"

ಒಳಗಿನ ಹೆಜ್ಜೆ ಬಾಗಿಲ ಹತ್ತಿರ ಬಂತು.

"ಮೊದ್ಲು ಇದ್ ಯೋಳು ಚಿಕ್ಕ. ನಾಗಯ್ಯ ನಿನ್ ಜೊತೇಲಿ ಬಂದವ್ನಾ?"

ಚಿಕ್ಕಬೋರಯ್ಯ ತಿರುಗಿ ನೋಡಿದ. ಕೇರಿಯ ತಿರುವಿನಲ್ಲಿ, ಹುಣಸೆಮರದ ಕೆಳಗೆ, ಇನ್ಸ್‌ಪೆಕ್ಟರ್ ನಾಗಯ್ಯ ಒಬ್ಬರೇ ನಿಂತಿದ್ದರು. ಜೊತೆಯಲ್ಲಿ ಒಬ್ಬ ಪೇದೆಯೂ ಇರಲಿಲ್ಲ. ಅವನು ನೋಡಿದ್ದನ್ನು ಕಂಡು ಅವರು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು. ಆಮೇಲೆ ಸೊಂಟದ ಪಿಸ್ತೂಲಿನ ಚರ್ಮದ ಚೀಲದ ಗುಂಡಿ ಬಿಚ್ಚುತ್ತ ನಿಧಾನವಾಗಿ ಈ ಕಡೆ ಹೆಜ್ಜೆಯಿಟ್ಟರು. ಕಾಲು ಜಾರಿ ಬಿದ್ದ ಎಂದು ಮೊದಲು ಹೇಳಿದವರೂ, ಉಗುರಿನ ಕೆಂಪನ್ನು ಕುಂಕುಮ ಎಂದವರೂ ಇವರೇ.

"ಯೋಳು ಚಿಕ್ಕ. ಅವ್ನಿಲ್ಲ ಅಂದ್ರೆ ಬಾಗ್ಲು ತಗೀತೀನಿ."

ಅಗಣಿಯ ಮೇಲೆ ಬಾವನ ಕೈ ಬಿದ್ದ ಸದ್ದು ಕೇಳಿಸಿತು.